ನಮ್ಮ ಭಾವನ ಸ್ವೀಡನ್ನು

ಪ್ರಪಂಚದಲ್ಲಿ ಎಷ್ಟು ದೇಶಗಳಿವೆ ಅಂತ ನಮ್ಮ ಭಾವನನ್ನು ಕೇಳಿ ನೋಡಿ. ಎರಡು ಅನ್ನುತ್ತಾರೆ. ಒಂದು ಸ್ವೀಡನ್ನು, ಇನ್ನೊಂದು ಸ್ವೀಡನ್ನನ್ನು ನೋಡಿ ಕಲಿಯಬೇಕಾದದ್ದು! ನಾವಿದ್ದದ್ದು ಎರಡನೆಯದರಲ್ಲಿ, ನ್ಯೂಜೆರ್ಸಿಯ ಎಡಿಸನ್ನಿನಲ್ಲಿ, ಎರಡು ಬೆಡ್‌ರೂಮಿನ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ. ಹಾಗಾಗಿ ನಾವು ಕಲಿಯಬೇಕಾದದ್ದು ಬಹಳವಿತ್ತು.

ಭಾವ ಅಂದರೆ ನನ್ನ ಅಕ್ಕನ ಗಂಡ. ಹುಟ್ಟಿ ಬೆಳೆದದ್ದು ಮೈಸೂರಿನ ಸರಸ್ವತಿಪುರಂ. ಟೆಲಿಫೋನ್ ಎಕ್ಸ್‌ಚೇಂಜುಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸದ ಮೇಲೆ ಸ್ವೀಡನ್ನಿಗೆ ಹೋದವರು ಅಲ್ಲಿ ಏಳು ವರ್ಷ ಇದ್ದರು. ಆಮೇಲೆ ಅವರ ಕಂಪನಿ ಅವರನ್ನು ನ್ಯೂಜೆರ್ಸಿಯ ಆಫೀಸಿಗೆ ಕಳಿಸಿತು. ಅಕ್ಕ ಸ್ವೀಡನ್ನಿನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಶಾಲೆಯ ವರ್ಷ ಮುಗಿಸಿಕೊಂಡೇ ಬರುತ್ತೇನೆ, ಅಲ್ಲಿಯವರೆಗೆ ಒಂದೆರಡು ವಾರ ಇವರು ನಿಮ್ಮ ಮನೆಯಲ್ಲಿರಲಿ, ಅಷ್ಟರಲ್ಲಿ ಮನೆ ಹುಡುಕಿಕೊಳ್ಳುತ್ತಾರೆ ಅಂತ ಫೋನು ಮಾಡಿದಳು. ನಾನು ಖುಷಿಯಾಗಿ ಒಪ್ಪಿಕೊಂಡೆ. ಎರಡು ವಾರ ತಾನೇ?

ಎಂಟು ತಿಂಗಳು ಇದ್ದರು! ಮನೆ ಹುಡುಕಲಿಲ್ಲ ಅಂತಲ್ಲ, ಹತ್ತೊಂಬತ್ತು ಮನೆ ನೋಡಿದರು. ಯಾವುದರ ಕಿಟಕಿಗೂ ಮೂರು ಪದರದ ಗಾಜಿರಲಿಲ್ಲ. ಸ್ವೀಡನ್ನಿನಲ್ಲಿ ದನದ ಕೊಟ್ಟಿಗೆಗೂ ಮೂರು ಪದರ ಇರುತ್ತದೆಯಂತೆ. ಒಂದು ಅಪಾರ್ಟ್‌ಮೆಂಟಿನ ಮ್ಯಾನೇಜರು ಪಾಪ, ಹೀಟಿಂಗ್ ಚೆನ್ನಾಗಿದೆ ಸಾರ್ ಅಂದದ್ದಕ್ಕೆ, ನೀವು ಮನೆಗಲ್ಲ, ಇಡೀ ಬೀದಿಗೆ ಹೀಟಿಂಗ್ ಕೊಡುತ್ತಿದ್ದೀರಿ ಅಂತ ಹೇಳಿ ಬಂದರು. ನಮ್ಮ ಮನೆಯ ಕಿಟಕಿಗೆ ಒಂದೇ ಗಾಜಿತ್ತು. ಅದರ ಬಗ್ಗೆ ಮಾತ್ರ ಅವರು ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದರು.

ನನ್ನ ವಿಷಯವನ್ನೂ ಒಂದು ಮಾತು ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ನಾನು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದವಳು. ಇಲ್ಲಿಗೆ ಬಂದದ್ದು ಡಿಪೆಂಡೆಂಟ್ ವೀಸಾದ ಮೇಲೆ. ಅಂದರೆ ಗಂಡ ದುಡಿಯಬಹುದು, ನಾನು ದುಡಿಯುವ ಹಾಗಿಲ್ಲ. ದುಡಿಯಬೇಕಾದರೆ ಯಾವುದಾದರೂ ಕಂಪನಿ ನನಗಂತ ಬೇರೆ ವೀಸಾ ಹಾಕಬೇಕು. ನಾಲ್ಕು ವರ್ಷ ಆಗಿತ್ತು ಮನೆಯಲ್ಲಿ ಕೂತು. ಬೆಳಿಗ್ಗೆ ಗಂಡನನ್ನು ಸ್ಟೇಷನ್ನಿಗೆ ಬಿಡಲು ಹೋದಾಗ ಪ್ಲಾಟ್‌ಫಾರಂ ಮೇಲೆ ನನ್ನ ವಯಸ್ಸಿನ ಹೆಂಗಸರು ಕೊರಳಿಗೆ ಆಫೀಸಿನ ಬ್ಯಾಡ್ಜು ಹಾಕಿಕೊಂಡು ಮ್ಯಾನ್‌ಹಟನ್ನಿನ ರೈಲಿಗೆ ಕಾಯುತ್ತಿದ್ದರು. ನನಗೆ ಅವರ ಬಟ್ಟೆ, ಒಡವೆ, ಕಾರು ಯಾವುದರ ಮೇಲೂ ಆಸೆಯಿರಲಿಲ್ಲ. ಆ ಬ್ಯಾಡ್ಜಿನ ಮೇಲಿತ್ತು ನೋಡಿ! ಅಂಥಾ ಹೊಟ್ಟೆಕಿಚ್ಚು ಜನ್ಮದಲ್ಲಿ ಪಟ್ಟಿರಲಿಲ್ಲ.

ಅದು ಐಟಿ ಉಬ್ಬರದ ಕಾಲ. ಎಡಿಸನ್ನಿನಲ್ಲಿ ಯಾವ ಬಾಗಿಲು ತಟ್ಟಿದರೂ ಒಬ್ಬ ಪ್ರೋಗ್ರಾಮರು ಕಣ್ಣುಜ್ಜಿಕೊಂಡು ಎದ್ದು ಬರುತ್ತಿದ್ದ. ನನ್ನ ಗಂಡ ಒಂದು ವಿಮಾ ಕಂಪನಿಯ ಹಳೆಯ ಪ್ರೋಗ್ರಾಮುಗಳಲ್ಲಿ ತಾರೀಖು ರಿಪೇರಿ ಮಾಡುತ್ತಿದ್ದರು. ಹಿಂದಿನವರು ವರ್ಷವನ್ನು ಎರಡೇ ಅಂಕೆಯಲ್ಲಿ ಬರೆದುಬಿಟ್ಟಿದ್ದಾರೆ, ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರು ಅದನ್ನು ಸಾವಿರದ ಒಂಬೈನೂರು ಅಂದುಕೊಳ್ಳುತ್ತದೆ ಅಂತ ಊರಿಗೆಲ್ಲ ದಿಗಿಲು. ಆ ದಿಗಿಲಿನಿಂದಲೇ ನಮ್ಮ ಮನೆಗೆ ಅಕ್ಕಿ ಬೇಳೆ ಬರುತ್ತಿತ್ತು. ಭಾವನಿಗೆ ಇದು ಹಾಸ್ಯಾಸ್ಪದವಾಗಿ ಕಂಡಿತು. ಸ್ವೀಡನ್ನಿನಲ್ಲಿ ಪ್ರತಿಯೊಬ್ಬರಿಗೂ ಹುಟ್ಟಿದ ತಾರೀಖಿನಿಂದ ಶುರುವಾಗುವ ಒಂದು ನಂಬರಿದೆಯಂತೆ. ತಾರೀಖಾದ ಮೇಲೆ ಒಂದು ಅಡ್ಡಗೆರೆ. ಆ ಮನುಷ್ಯನಿಗೆ ನೂರು ತುಂಬಿದ ವರ್ಷ ಅಡ್ಡಗೆರೆ ತೆಗೆದು ಅಲ್ಲಿ ಕೂಡಿಸುವ ಗುರುತು ಹಾಕುತ್ತಾರಂತೆ. ನೂರು ವರ್ಷದ ಮುದುಕಿಗೂ ವ್ಯವಸ್ಥೆ ಮಾಡಿಟ್ಟ ದೇಶ ಅದು, ಇಲ್ಲಿಯವರು ಎರಡು ಅಂಕೆ ಉಳಿಸಲು ಹೋಗಿ ಈಗ ಊರು ತುಂಬ ಕೂಲಿಯವರನ್ನು ಇಟ್ಟುಕೊಂಡಿದ್ದಾರೆ ಅಂತ ಊಟದ ನಡುವೆ ಭಾಷಣ ಮಾಡಿದರು.

ನನ್ನ ಗಂಡ ಸಾರನ್ನ ಕಲಸುತ್ತಾ, "ಆ ಕೂಲಿಯವನು ನಾನೇ ಭಾವ" ಅಂದರು.

ಭಾವ ಆಫೀಸಿನಿಂದ ನಾಲ್ಕೂವರೆಗೆ ಸರಿಯಾಗಿ ಮನೆಯಲ್ಲಿರುತ್ತಿದ್ದರು. ಸಂಜೆಯ ಮೇಲೆ ಬರೆದ ಪ್ರೋಗ್ರಾಮಿನಲ್ಲಿ ತಪ್ಪೇ ಹೆಚ್ಚು, ಆ ತಪ್ಪು ಹುಡುಕಲು ಮಾರನೆಯ ಸಂಜೆಯೂ ಕೂರಬೇಕು, ಇದೇ ಅಮೆರಿಕದ ಆರ್ಥಿಕತೆಯ ಗುಟ್ಟು ಅಂತ ಅವರ ಸಿದ್ಧಾಂತ. ಒಂದು ಭಾನುವಾರ ನನ್ನ ಗಂಡನ ಮ್ಯಾನೇಜರು ಮನೆಗೆ ಫೋನು ಮಾಡಿದ. ಸ್ವೀಡನ್ನಿನಲ್ಲಿ ಫೋನು ಎತ್ತಿದವರು ಹಲೋ ಅನ್ನದೆ ತಮ್ಮ ಹೆಸರು ಹೇಳುತ್ತಾರಂತೆ. ಭಾವ ಎತ್ತಿ, ಹೆಸರು ಹೇಳಿ, ವಿಷಯ ಕೇಳಿ, ಇವತ್ತು ಭಾನುವಾರ, ಈ ದಿನ ಇವರಿಗೆ ಹೆಂಡತಿ ಮಗಳು ಇದ್ದಾರೆ, ಮ್ಯಾನೇಜರು ಇಲ್ಲ ಅಂತ ಇಂಗ್ಲಿಷಿನಲ್ಲಿ ಬಹಳ ಸಭ್ಯವಾಗಿ ಹೇಳಿ ಇಟ್ಟುಬಿಟ್ಟರು! ನಮಗೆ ಇಡೀ ದಿನ ಊಟ ಸೇರಲಿಲ್ಲ. ವೀಸಾದ ಮೇಲಿರುವವರ ಕಷ್ಟ ವೀಸಾದ ಮೇಲಿರುವವರಿಗೇ ಗೊತ್ತು. ಸೋಮವಾರ ಆಫೀಸಿಗೆ ಹೋದರೆ ಮ್ಯಾನೇಜರು ಕೇಳಿದ್ದು ಒಂದೇ ಪ್ರಶ್ನೆಯಂತೆ: ನಿಮ್ಮ ವಕೀಲರು ಚೆನ್ನಾಗಿದ್ದಾರಾ?

ಇದು ಮನೆಯೊಳಗಿನ ಮಾತಾಯಿತು. ಮನೆಯ ಹೊರಗಿನ ಅವಮಾನ ಶುರುವಾದದ್ದು ಬಟ್ಟೆ ಒಗೆಯುವ ಕೋಣೆಯಿಂದ.

ನಮ್ಮ ಕಟ್ಟಡದ ಬೇಸ್‌ಮೆಂಟಿನಲ್ಲಿ ಇಪ್ಪತ್ತನಾಲ್ಕು ಮನೆಗೆ ಸೇರಿ ನಾಲ್ಕು ವಾಷಿಂಗ್ ಮೆಷೀನುಗಳಿದ್ದವು. ಯಾರು ಮೊದಲು ಬುಟ್ಟಿ ಇಟ್ಟರೋ ಅವರದ್ದು ಮೆಷೀನು. ಭಾವ ಇದನ್ನು ನೋಡಿ ಕಾಡು ಅಂದರು. ಸ್ವೀಡನ್ನಿನಲ್ಲಿ ಇಂಥ ಕೋಣೆಗೆ ಒಂದು ಪಟ್ಟಿಯಿರುತ್ತದೆ, ಮುಂಚೆಯೇ ಹೆಸರು ಬರೆದು ಸಮಯ ಕಾದಿರಿಸಬೇಕು, ಆ ಸಮಯದಲ್ಲಿ ರಾಜನೇ ಬಂದರೂ ಬೇರೆಯವರ ಮೆಷೀನು ಮುಟ್ಟುವ ಹಾಗಿಲ್ಲ. ಒಂದು ದೊಡ್ಡ ಹಾಳೆಯಲ್ಲಿ ಗೆರೆ ಎಳೆದು, ಎರಡೆರಡು ಗಂಟೆಯ ಚೌಕ ಮಾಡಿ, ದಾರದಲ್ಲಿ ಪೆನ್ಸಿಲು ಕಟ್ಟಿ ಗೋಡೆಗೆ ಅಂಟಿಸಿದರು. ಮೊದಲ ವಾರ ಎಲ್ಲರೂ ಹೊಗಳಿದರು. ಎರಡನೆಯ ವಾರ ಒಂದು ಸಂಸಾರದವರು ಮುಂದಿನ ಮೂರು ತಿಂಗಳ ಎಲ್ಲಾ ಶನಿವಾರಕ್ಕೂ ತಮ್ಮ ಹೆಸರೇ ಬರೆದುಕೊಂಡರು. ಯಾವ ಊರಿನವರು ಅಂತ ಕೇಳಬೇಡಿ, ನಮ್ಮವರೇ! ಮೂರನೆಯ ವಾರ ಪಟ್ಟಿಯ ಪಕ್ಕ ದೋಸೆ ಹಿಟ್ಟು ಸಿಗುತ್ತದೆ ಅನ್ನುವ ಚೀಟಿ ಬಂತು. ಆಮೇಲೆ ಕಾರ್‌ಪೂಲ್, ಮಗು ನೋಡಿಕೊಳ್ಳುವವರು, ರೂಮ್‌ಮೇಟ್ ಬೇಕಾಗಿದ್ದಾರೆ ಸಸ್ಯಾಹಾರಿ ಮಾತ್ರ. ಭಾವ ಬೇಸರದಿಂದ, ಪ್ರಿಯ ನೆರೆಯವರೇ, ಈ ಗೋಡೆ ಬಟ್ಟೆಗಾಗಿ ಮೀಸಲು ಅಂತ ಒಂದು ವಿನಯದ ಪತ್ರ ಅಂಟಿಸಿದರು. ಯಾರೋ ಅದರ ಕೆಳಗೆ, ಅಂಕಲ್, ಇದು ಸ್ವೀಡನ್ ಅಲ್ಲ ಅಂತ ಬರೆದಿದ್ದರು. ಭಾವನಿಗೆ ಆಗ ನಲವತ್ತೊಂದು ವರ್ಷ. ಸ್ವೀಡನ್ ಅಲ್ಲ ಅಂದದ್ದನ್ನು ಸಹಿಸಿಕೊಂಡರು, ಅಂಕಲ್ ಅಂದದ್ದನ್ನು ವಾರಗಟ್ಟಲೆ ಸಹಿಸಲಿಲ್ಲ.

ನಾನು ಬುಟ್ಟಿ ಹಿಡಿದುಕೊಂಡು ಕೆಳಗೆ ಹೋದರೆ ಹೆಂಗಸರು ಮಾತು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಆ ಗೋಡೆಯಲ್ಲೇ ಒಂದು ದಿನ, ಆರು ವಾರದಲ್ಲಿ ಜಾವಾ ಪ್ರೋಗ್ರಾಮಿಂಗ್ ಕಲಿಸಿ ಕೆಲಸ ಕೊಡಿಸುತ್ತೇವೆ ಅನ್ನುವ ಚೀಟಿ ನೋಡಿದೆ. ಯಾರೂ ಇಲ್ಲದಾಗ ಹರಿದುಕೊಂಡು ಮೇಲೆ ಬಂದೆ. ಅದರ ಕಥೆ ಆಮೇಲೆ ಹೇಳುತ್ತೇನೆ, ಹೇಳದೆ ತಪ್ಪಿಸಿಕೊಳ್ಳುವ ಹಾಗಂತೂ ಇಲ್ಲ.

ಭಾವನಿಗೆ ಕಂಪ್ಯೂಟರ್ ಆಟಗಳ ಬಗ್ಗೆಯೂ ಗಂಭೀರವಾದ ನಿಲುವಿತ್ತು. ದೊಡ್ಡವರು ಆಡದ ಆಟ ಮಕ್ಕಳಿಗೂ ಬೇಡ, ಮಕ್ಕಳು ಆಡುವ ಆಟ ದೊಡ್ಡವರೂ ಆಡಬೇಕು, ಸೋತರೆ ಅಳಬಾರದು. ನನ್ನ ಎಂಟು ವರ್ಷದ ಮಗಳ ಹತ್ತಿರ ಊರು ಕಟ್ಟುವ ಒಂದು ಆಟವಿತ್ತು. ರಸ್ತೆ ಹಾಕಬೇಕು, ಮನೆ ಕಟ್ಟಬೇಕು, ತೆರಿಗೆ ಎಷ್ಟು ಅಂತ ನಿಗದಿ ಮಾಡಬೇಕು. ಮಗಳು ಕಟ್ಟಿದ ಊರು ನ್ಯೂಜೆರ್ಸಿಯ ಹಾಗೇ ಇತ್ತು, ಎಲ್ಲಿ ನೋಡಿದರೂ ಮಾಲು, ಪಾರ್ಕಿಂಗು. ಭಾವ ಪಕ್ಕದಲ್ಲಿ ಕೂತು ತಮ್ಮದೇ ಒಂದು ಊರು ಶುರು ಮಾಡಿದರು. ಮೊದಲೇ ಆರು ಆಸ್ಪತ್ರೆ, ನಾಲ್ಕು ಲೈಬ್ರರಿ, ಊರ ತುಂಬ ಟ್ರಾಮು. ದುಡ್ಡು ಮುಗಿಯಿತು. ತೆರಿಗೆಯನ್ನು ಆಟ ಬಿಟ್ಟಷ್ಟು ಮೇಲಕ್ಕೆ ಏರಿಸಿದರು.

ಸ್ವಲ್ಪ ಹೊತ್ತಿಗೆ ಮಗಳು ಅಂದಳು, "ದೊಡ್ಡಪ್ಪ, ಎವ್ರಿಬಡಿ ಲೆಫ್ಟ್."

ಊರಿನಲ್ಲಿ ಒಂದು ನರಪಿಳ್ಳೆ ಇಲ್ಲ. ಖಾಲಿ ಟ್ರಾಮು ಓಡಾಡುತ್ತಿತ್ತು. ಭಾವ ವಿಚಲಿತರಾಗಲಿಲ್ಲ. ಈ ಆಟ ಬರೆದವರು ಅಮೆರಿಕನ್ನರು, ಅದಕ್ಕೇ ಜನ ಓಡಿಹೋಗುತ್ತಾರೆ; ಚಳಿಗಾಲ ಬಂದು ಕಾಯಿಲೆ ಬಿದ್ದಾಗ ಆಸ್ಪತ್ರೆ ನೆನಪಾಗಿ ವಾಪಸು ಬರುತ್ತಾರೆ ಅಂತ ಹೇಳಿ, ಕಂಪ್ಯೂಟರು ಆರಿಸಬಾರದು ಅಂತ ಚೀಟಿ ಅಂಟಿಸಿ ಆಫೀಸಿಗೆ ಹೋದರು. ಮೂರು ದಿನ ಆರಿಸಲಿಲ್ಲ. ಯಾರೂ ಬರಲಿಲ್ಲ. ನಾಲ್ಕನೆಯ ದಿನ ಮಗಳಿಗೆ ಪಾಪ ಅನ್ನಿಸಿ ದೊಡ್ಡಪ್ಪನಿಗೆ ಗೊತ್ತಾಗದ ಹಾಗೆ ತೆರಿಗೆ ಇಳಿಸಿದಳು. ಸಂಜೆ ಬಂದು ನೋಡಿದ ಭಾವ, ಜನ ಬಂದೇ ಬರುತ್ತಾರೆ ಅಂತ ನಾನು ಹೇಳಲಿಲ್ಲವೇ ಅಂತ ಮನೆಯವರನ್ನೆಲ್ಲ ಕರೆದು ತೋರಿಸಿದರು.

ಇನ್ನು ರಾಜಕೀಯ. ಆ ವರ್ಷ ಅಮೆರಿಕದಲ್ಲಿ ಮುಂದಿನ ವರ್ಷದ ಅಧ್ಯಕ್ಷರ ಚುನಾವಣೆಯ ಗದ್ದಲ ಆಗಲೇ ಶುರುವಾಗಿತ್ತು. ಅದೇ ಹೊತ್ತಿಗೆ ಹತ್ತಿರದ ಮನ್ರೋ ಊರಿನಲ್ಲಿ ಒಬ್ಬರು ಹೊಸ ಮನೆ ಕಟ್ಟಿಸಿ ಸತ್ಯನಾರಾಯಣ ಪೂಜೆಗೆ ಕರೆದರು. ಮೂವತ್ತು ವರ್ಷದ ಹಿಂದೆ ಬಂದು ಇಲ್ಲಿ ದೊಡ್ಡ ಡಾಕ್ಟರಾದವರು. ಕನ್ನಡದವರೆಲ್ಲ ಅವರನ್ನು ಡಾಕ್ಟರ್ ಅಂಕಲ್ ಅನ್ನುತ್ತಿದ್ದೆವು. ಐದು ಗಂಟೆಗೆ ಅಂತ ಕರೆದಿದ್ದರು. ಐದು ಅಂದರೆ ಆರೂವರೆ ಅಂತ ಯಾರಿಗೆ ಗೊತ್ತಿಲ್ಲ? ಭಾವನಿಗೆ! ಹತ್ತು ನಿಮಿಷ ಮುಂಚೆ ತಲುಪಿದೆವು. ಮುಂಚೆ ಹೋಗುವುದೂ ತಪ್ಪು ಅಂತ ಆ ಬಡಾವಣೆಯನ್ನು ಕಾರಿನಲ್ಲಿ ಮೂರು ಸುತ್ತು ಹಾಕಿಸಿ, ಐದು ಹೊಡೆದ ಕ್ಷಣಕ್ಕೆ ಬೆಲ್ಲು ಒತ್ತಿದರು. ಡಾಕ್ಟರ್ ಅಂಕಲ್ ಬಾಗಿಲು ತೆಗೆದದ್ದು ಬನಿಯನ್ನಿನಲ್ಲಿ, ಒಂದು ಕೆನ್ನೆಗೆ ಮಾತ್ರ ಶೇವಿಂಗ್ ಸೋಪು. ಒಳಗಿನಿಂದ ಆಂಟಿ, ಯಾರ್ರೀ ಅದು ಇಷ್ಟು ಬೇಗ ಅಂದದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು.

ಭಾವ ಒಳಗೆ ಕಾಲಿಡುತ್ತಲೇ ಆ ಹಿರಿಯರನ್ನು ಬರೀ ಹೆಸರು ಹಿಡಿದು ಕರೆದು ಕೈಕುಲುಕಿದರು. ಸ್ವೀಡನ್ನಿನಲ್ಲಿ ಪ್ರಧಾನಿಯನ್ನೂ ಹಾಗೇ ಕರೆಯುತ್ತಾರೆ, ಡಾಕ್ಟರು ಅನ್ನುವುದು ಕೆಲಸ, ಅಂಕಲ್ ಅನ್ನುವುದು ಸುಳ್ಳು ಅಂತ ವಿವರಣೆ ಬೇರೆ. ಭೂಮಿ ಬಾಯಿ ಬಿಟ್ಟಿದ್ದರೆ ನಾನು ಖುಷಿಯಾಗಿ ಒಳಗೆ ಹೋಗುತ್ತಿದ್ದೆ. ಪ್ರಸಾದ ಕೈಗೆ ಬಂದ ಮೇಲೆ ಮಾತು ಚುನಾವಣೆಗೆ ತಿರುಗಿತು. ಗಂಡಸರೆಲ್ಲ ಯಾರು ಗೆದ್ದರೆ ಒಳ್ಳೆಯದು ಅಂತ ಜೋರು ಜೋರಾಗಿ ವಾದ ಮಾಡುತ್ತಿದ್ದರು. ಭಾವ ಎಲ್ಲರನ್ನೂ ನಿಲ್ಲಿಸಿ, ಇಲ್ಲಿ ವೋಟಿರುವವರು ಕೈಯೆತ್ತಿ ಅಂದರು. ಮೂವತ್ತು ಜನರಲ್ಲಿ ಕೈಯೆತ್ತಿದವರು ಡಾಕ್ಟರ್ ಅಂಕಲ್, ಆಂಟಿ ಇಬ್ಬರೇ. ಮಿಕ್ಕವರೆಲ್ಲ ವೀಸಾದ ಮೇಲೋ ಗ್ರೀನ್‌ಕಾರ್ಡಿನ ಮೇಲೋ ಇದ್ದವರು. ಸ್ವೀಡನ್ನಿನಲ್ಲಿ ಪರದೇಶದವನಿಗೂ ಮೂರು ವರ್ಷವಾದ ಮೇಲೆ ಊರಿನ ಚುನಾವಣೆಯಲ್ಲಿ ವೋಟು ಕೊಡುತ್ತಾರೆ, ನಾನು ಹಾಕಿ ಬಂದಿದ್ದೇನೆ ಅಂತ ಎದೆಯುಬ್ಬಿಸಿ ಹೇಳಿದರು. ಯಾವ ವಿಷಯಕ್ಕೆ ಅಂತ ಒಬ್ಬರು ಕೇಳಿದರು. ಒಂದು ಸೈಕಲ್ ದಾರಿಗಂತೆ. ಆ ದಾರಿ ಆಯಿತೇ ಅಂದರೆ, ಇಲ್ಲ, ಇನ್ನೂ ಚರ್ಚೆಯಲ್ಲಿದೆ ಅಂದರು. ಕೋಣೆಯಲ್ಲಿ ಎದ್ದ ನಗು ನನ್ನ ಬೆನ್ನಿಗೆ ಬಡಿದ ಹಾಗಾಯಿತು. ವಾಪಸು ಬರುವಾಗ ಕಾರಿನಲ್ಲಿ ನಾನು ಒಂದು ಮಾತೂ ಆಡಲಿಲ್ಲ. ಭಾವ ಮಾತ್ರ ಎಡಿಸನ್ನಿನವರೆಗೂ ಸಂತೋಷವಾಗಿ ಮಾತಾಡುತ್ತಲೇ ಇದ್ದರು.

ಇಷ್ಟು ಹೊತ್ತು ಅವರನ್ನು ಆಡಿಕೊಂಡು ನಕ್ಕಿದ್ದಾಯಿತು. ಇನ್ನು ನನ್ನ ಕಥೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಗೋಡೆಯಿಂದ ಹರಿದುಕೊಂಡು ಬಂದ ಚೀಟಿಯ ವಿಳಾಸಕ್ಕೆ ಹೋದೆ. ಒಂದು ಅಂಗಡಿಯ ಬೇಸ್‌ಮೆಂಟು, ಹನ್ನೆರಡು ಕಂಪ್ಯೂಟರು, ನನ್ನಂಥ ಹದಿನಾರು ಹೆಂಗಸರು. ಆರು ವಾರ ನಿಷ್ಠೆಯಿಂದ ಕಲಿತೆ, ಅದರಲ್ಲಿ ಸುಳ್ಳಿಲ್ಲ. ಸುಳ್ಳು ಶುರುವಾದದ್ದು ಆಮೇಲೆ. ಆ ಕ್ಲಾಸು ನಡೆಸುತ್ತಿದ್ದ ಕನ್ಸಲ್ಟೆನ್ಸಿಯ ಮಾಲೀಕನೇ ನಮ್ಮ ರೆಸ್ಯುಮೆ ಬರೆಯುತ್ತಿದ್ದ, ಕೆಲಸ ಸಿಕ್ಕರೆ ವೀಸಾವನ್ನೂ ಅವನೇ ಹಾಕುತ್ತಿದ್ದ. ಅನುಭವ ಇಲ್ಲದವರನ್ನು ಯಾರು ಕರೆಯುತ್ತಾರೆ? ಆರು ವಾರದವಳಿಗೆ ಐದು ವರ್ಷದ ಅನುಭವ ಬಂತು. ಎಲ್ಲರೂ ಬೆಂಗಳೂರಿನ ಅನುಭವವನ್ನೇ ಬರೆಯುತ್ತಾರೆ, ಕೆಲಸ ಕೊಡುವ ಬ್ಯಾಂಕಿನವರು ಈಗೀಗ ನಂಬುವುದಿಲ್ಲ, ಯುರೋಪಿನಲ್ಲಿ ನಿಮ್ಮ ಕಡೆಯವರು ಯಾರಾದರೂ ಇದ್ದಾರಾ ಅಂತ ಕೇಳಿದ.

ನನ್ನ ಬಾಯಿಂದ ಸ್ವೀಡನ್ನು ಅಂತ ಬಂದುಬಿಟ್ಟಿತು.

ಹೀಗೆ ನಾನು ಆ ಐದರಲ್ಲಿ ಎರಡು ವರ್ಷ ಸ್ವೀಡನ್ನಿನಲ್ಲಿ ಕೆಲಸ ಮಾಡಿದವಳಾದೆ. ಯಾರ ಕೈಕೆಳಗೆ? ನಮ್ಮ ಭಾವನ ಕೈಕೆಳಗೆ! ವಿಚಾರಿಸಬೇಕಾದರೆ ಫೋನು ಮಾಡಿ ಅಂತ ಕೊಟ್ಟದ್ದು ನಮ್ಮ ಮನೆಯದೇ ನಂಬರು. ಭಾವನಿಗೆ ಹೇಳಲಿಲ್ಲ. ಹೇಳಿದರೆ ಒಪ್ಪುವ ಆಸಾಮಿಯೇ ಅಲ್ಲ. ಫೋನು ಬಂದರೆ ನನ್ನ ಗಂಡ ಭಾವನ ಹೆಸರಿನಲ್ಲಿ ಮಾತಾಡುವುದು ಅಂತ ನಾನೇ ತೀರ್ಮಾನ ಮಾಡಿದೆ. ಅವರು ಬೇಡ ಬೇಡ ಅಂದರು. ನಾಲ್ಕು ವರ್ಷ ಮನೆಯಲ್ಲಿ ಕೂತದ್ದು ನೀವಲ್ಲ, ನಾನು ಅಂತ ಅವರ ಬಾಯಿ ಮುಚ್ಚಿಸಿದೆ.

ಮ್ಯಾನ್‌ಹಟನ್ನಿನ ಒಂದು ಬ್ಯಾಂಕಿನಿಂದ ಇಂಟರ್‌ವ್ಯೂಗೆ ಕರೆ ಬಂತು. ಜಾವಾ ಪ್ರಶ್ನೆಗಳನ್ನು ಉರು ಹೊಡೆದುಕೊಂಡು ಹೋದೆ. ಮ್ಯಾನೇಜರು ರೆಸ್ಯುಮೆ ನೋಡಿದವನೇ ಮುಖ ಅರಳಿಸಿದ. ಕಾಲೇಜಿನಲ್ಲಿದ್ದಾಗ ಅವನು ಒಂದು ವರ್ಷ ಸ್ವೀಡನ್ನಿನಲ್ಲಿ ಓದಿದ್ದನಂತೆ! ಸಿಕ್ಕಿಬಿದ್ದೆ ಅಂದುಕೊಂಡೆ. ಅವನು ಜಾವಾ ಬಿಟ್ಟು ಸ್ವೀಡನ್ನಿನ ಬಗ್ಗೆ ಕೇಳತೊಡಗಿದ. ಆಗ ನೋಡಿ, ಎಂಟು ತಿಂಗಳು ನಾನು ಹಲ್ಲು ಕಚ್ಚಿಕೊಂಡು ಕೇಳಿದ್ದೆಲ್ಲ ತಾನಾಗಿ ಹೊರಗೆ ಬಂತು. ಬಟ್ಟೆ ಒಗೆಯುವ ಕೋಣೆಯ ಪಟ್ಟಿ, ಅಂಗಡಿಯಲ್ಲಿ ಸರದಿಯ ನಂಬರು, ನವೆಂಬರಿನಲ್ಲಿ ಮೂರೂವರೆಗೇ ಕವಿಯುವ ಕತ್ತಲು. ಅಲ್ಲಿ ಕೆಲಸದ ನಡುವೆ ಎಲ್ಲರೂ ಎದ್ದು ಒಂದು ಮೇಜಿನ ಸುತ್ತ ಕೂತು ಕಾಫಿ ಕುಡಿಯುವ ಪದ್ಧತಿಯಿದೆ, ಫೀಕಾ ಅನ್ನುತ್ತಾರೆ. ಅದನ್ನಂತೂ ಕಣ್ಣಿಗೆ ಕಟ್ಟುವ ಹಾಗೆ ವರ್ಣಿಸಿದೆ. ದಿನಾ ಮೂರು ಗಂಟೆಗೆ ನಾನೂ ಭಾವನೂ ಪಕ್ಕಪಕ್ಕ ಕೂರುತ್ತಿದ್ದೆವು, ಅವರು ಸಾಫ್ಟ್‌ವೇರು, ರಾಜಕೀಯ, ಆಟ ಎಲ್ಲದರ ಬಗ್ಗೆ ಏನಾದರೊಂದು ಹೇಳುತ್ತಿದ್ದರು, ನಾನು ಬಿದ್ದು ಬಿದ್ದು ನಗುತ್ತಿದ್ದೆ ಅಂದೆ. ಅವನೂ ನಕ್ಕ. ಜಾವಾದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿ ಕೈಕುಲುಕಿದ. ಗುರುವಾರ ಸಂಜೆ ಆರು ಗಂಟೆಗೆ ನಿಮ್ಮ ಹಳೆಯ ಬಾಸಿಗೆ ಒಂದು ಫೋನು ಮಾಡುತ್ತೇನೆ, ಬರೀ ಶಾಸ್ತ್ರಕ್ಕೆ ಅಂದ. ವಾಪಸು ರೈಲಿನಲ್ಲಿ ನನ್ನ ಕೊರಳಿಗೆ ಬ್ಯಾಡ್ಜು ಬಂದುಬಿಟ್ಟ ಹಾಗೆ ಬೀಗಿಕೊಂಡು ಕೂತಿದ್ದೆ.

ಫೋನು ಬಂದದ್ದು ಬುಧವಾರ, ನಾಲ್ಕೂ ಮುಕ್ಕಾಲಿಗೆ.

ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಗಂಡ ಇನ್ನೂ ರೈಲಿನಲ್ಲಿದ್ದರು. ಭಾವ ಫೋನೆತ್ತಿ ಎಂದಿನ ಹಾಗೆ ತಮ್ಮ ಹೆಸರು ಹೇಳಿದರು. ನಾನು ಸೌಟು ಹಿಡಿದೇ ಓಡಿ ಬಂದೆ. ಭಾವ ಇದು ತಮಗೇ ಬಂದಿರುವ ಫೋನು ಅನ್ನುವ ಹಾಗೆ ಕೈಯೆತ್ತಿ ತಡೆದರು. ಹೌದು, ಏಳು ವರ್ಷ ಇದ್ದೆ ಅಂದರು. ಆಮೇಲೆ ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡರು. ಕೇಳುತ್ತಾ ಕೇಳುತ್ತಾ ಅವರ ಕಣ್ಣು ನಿಧಾನವಾಗಿ ನನ್ನ ಕಡೆ ತಿರುಗಿತು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಸೌಟಿನ ಸಮೇತ ಕೈಮುಗಿದೆ. ಭಾವ ಗೋಡೆಯ ಕಡೆ ತಿರುಗಿ ನಿಂತರು. ಆ ಕಡೆಯವನು ಏನೋ ಹೇಳುತ್ತಲೇ ಇದ್ದ, ಅವನ ನಗು ನನಗೂ ಸಣ್ಣಗೆ ಕೇಳಿಸುತ್ತಿತ್ತು. ಆಮೇಲೆ ಅವನೂ ಸುಮ್ಮನಾದ, ಇವರೂ ಸುಮ್ಮನಿದ್ದರು. ಎಷ್ಟು ಹೊತ್ತು ಅಂದರೆ, ಹೂಂ ಅನ್ನುತ್ತಾರೆ, ಅಂದೇಬಿಡುತ್ತಾರೆ ಅಂತ ನಾನು ನಂಬಿಬಿಟ್ಟೆ.

ಇಲ್ಲ ಅಂದರು. ಇವಳು ನನ್ನ ಹೆಂಡತಿಯ ತಂಗಿ, ಸ್ವೀಡನ್ನಿಗೆ ಬಂದಿಲ್ಲ, ಆರು ವಾರ ಕಲಿತಿದ್ದಾಳೆ, ಚೆನ್ನಾಗಿ ಕಲಿತಿದ್ದಾಳೆ, ಕ್ಷಮಿಸಿ ಅಂದು ಫೋನಿಟ್ಟರು.

ಒಳಗೆ ಸಾಸಿವೆ ಕರಕಲಾಗಿ ಮನೆಯೆಲ್ಲಾ ಹೊಗೆ. ನನಗೆ ಅದೂ ಕಾಣಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. ಎಂಟು ತಿಂಗಳು ಈ ಮನೆಯಲ್ಲಿ ಊಟ ಮಾಡಿದವರು ಒಂದು ಹೂಂ ಅನ್ನಲಾರದೆ ಹೋದಿರಾ ಅಂದೆ. ಬಟ್ಟೆ ಒಗೆಯುವ ಕೋಣೆಯಿಂದ ಮನ್ರೋದವರೆಗೆ ನಿಮ್ಮಿಂದ ತಲೆ ತಗ್ಗಿಸಿದ್ದೇನೆ ಅಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಇವತ್ತು ಇದನ್ನು ಬರೆಯಬೇಕಾಗಿರಲಿಲ್ಲ. "ನಿಮ್ಮ ಸ್ವೀಡನ್ನಿನೋರು ನಿಮ್ಮನ್ನ ಯಾಕೆ ಇಲ್ಲಿಗೆ ಸಾಗಹಾಕಿದ್ರು ಅಂತ ಈಗ ಗೊತ್ತಾಯ್ತು" ಅಂದುಬಿಟ್ಟೆ. ಭಾವ ಅಡಿಗೆಮನೆಗೆ ಹೋಗಿ ಒಲೆ ಆರಿಸಿ ಕಿಟಕಿ ತೆರೆದರು.

ಬ್ಯಾಂಕಿನ ಕೆಲಸ ಹೋಯಿತು. ಕನ್ಸಲ್ಟೆನ್ಸಿಯವನು ಮಾರನೆಯ ದಿನವೇ ಫೋನು ಮಾಡಿ, ಇನ್ನು ಮುಂದೆ ನನ್ನ ಹೆಸರು ಹೇಳಬೇಡಿ ಅಂದ. ನನ್ನ ವೀಸಾದ ಆಸೆಯೂ ಅಲ್ಲಿಗೆ ಮುಗಿಯಿತು. ಭಾವ ಒಂದು ಮನೆ ನೋಡಿ ಅದೇ ದಿನ ಒಪ್ಪಿಕೊಂಡು ಬಂದರು, ಇಪ್ಪತ್ತನೆಯದು. ಅದರ ಕಿಟಕಿ ಹೇಗಿದೆ ಅಂತ ಕೇಳುವ ಮುಖ ನಮಗಿರಲಿಲ್ಲ. ನಾಲ್ಕು ದಿನ ಮನೆಯಲ್ಲಿ ಸ್ವೀಡನ್ನಿನ ಹೆಸರೇ ಬರಲಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಸದ್ದು ಮಾತ್ರ. ಮಗಳು ನನ್ನ ಹತ್ತಿರ ಬಂದು, ಈಸ್ ದೊಡ್ಡಪ್ಪ ಸಿಕ್ ಅಂತ ಕೇಳಿದಳು. ಇಲ್ಲಮ್ಮ, ನಿನ್ನ ಅಮ್ಮನಿಗೆ ಬುದ್ಧಿಯಿಲ್ಲ ಅಂತ ಅವಳಿಗೆ ಹೇಗೆ ಹೇಳಲಿ? ಮೊದಲು ಅವರು ನನ್ನ ಕೆಲಸ ಕಳೆದರು ಅನ್ನುವ ಸಿಟ್ಟಿತ್ತು. ಒಂದೆರಡು ದಿನದಲ್ಲಿ ಸಿಟ್ಟು ಕರಗಿ ಅದರ ಕೆಳಗಿದ್ದ ನಾಚಿಕೆ ಹಾಗೇ ಉಳಿಯಿತು. ಸುಳ್ಳು ಬರೆಸಿದ್ದು ನಾನು. ಹೇಳದೆ ಅವರ ಹೆಸರು ಬಳಸಿದ್ದು ನಾನು. ಬೈದದ್ದೂ ನಾನೇ.

ಭಾನುವಾರ ಬೆಳಿಗ್ಗೆ ಭಾವ ಕೋಣೆಯಲ್ಲಿ ನೆಲದ ಮೇಲೆ ಕೂತು ಪೆಟ್ಟಿಗೆ ಕಟ್ಟುತ್ತಿದ್ದರು. ನಾನು ಬಾಗಿಲಲ್ಲಿ ನಿಂತು, ತಪ್ಪಾಯ್ತು ಭಾವ ಅಂದೆ.

"ಹೋಗ್ಲಿ ಬಿಡಮ್ಮ" ಅಂದರು. "ನಾನೂ ಅವತ್ತು ಹೂಂ ಅಂತ ಹೇಳೋದರಲ್ಲಿದ್ದೆ."

ನನ್ನ ಕೆಲಸ ಉಳಿಸಲು ಅಂತ ನಾನಂದುಕೊಂಡೆ. ಅವರು ಮಡಿಸುತ್ತಿದ್ದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡರು.

"ನಿನ್ನ ಕೆಲಸಕ್ಕೋಸ್ಕರ ಅಲ್ಲ. ದಿನಾ ಮೂರು ಗಂಟೆಗೆ ನಾವಿಬ್ಬರೂ ಪಕ್ಕಪಕ್ಕ ಕೂತು ಕಾಫಿ ಕುಡೀತಿದ್ವಿ ಅಂತ ಹೇಳಿದ್ಯಂತಲ್ಲ. ನಾನು ಏನೋ ಹೇಳೋದು, ನೀನು ನಗೋದು. ಆತ ಅದನ್ನ ಹೇಳ್ತಾ ಇದ್ದರೆ ಇನ್ನೂ ಹೇಳಲಿ ಅನ್ನಿಸ್ತು. ನಿಜವಾಗಿ ನಡೆದಿದೆಯೇನೋ ಅನ್ನೋ ಹಾಗೆ ಕೇಳ್ತಾ ನಿಂತುಬಿಟ್ಟೆ."

ಅಂಗಿಯನ್ನು ಮತ್ತೆ ಮಡಿಸುತ್ತಾ ಅವರೇ ಮುಂದುವರಿಸಿದರು.

"ಏಳು ವರ್ಷ ಆ ಮೇಜಿನ ತುದೀಲಿ ಕೂತೆ. ಒಳ್ಳೇ ಜನ, ಒಬ್ಬರೂ ಒಂದು ಕೆಟ್ಟ ಮಾತಾಡಿದವರಲ್ಲ. ಕಂಪ್ಯೂಟರು, ಆಟ, ರಾಜಕೀಯ, ಅವರವರಲ್ಲೇ ಮಾತಾಡ್ಕೊಳ್ಳೋರು. ನಾನು ಕೇಳಿಸಿಕೊಳ್ತಿದ್ದೆ. ನೀನೇನಂತೀಯ ಅಂತ ಏಳು ವರ್ಷದಲ್ಲಿ ಒಂದಿನ ಯಾರೂ ನನ್ನ ಕೇಳಲಿಲ್ಲ. ನಿಮ್ಮಕ್ಕನಿಗೂ ಇದನ್ನ ಹೇಳಿಲ್ಲ. ಅವಳಿಗೆ ನಾನು ಅಲ್ಲಿ ಬಹಳ ಬೇಕಾದವನು ಅಂತಿದೆ, ಹಾಗೇ ಇರಲಿ."

ನನಗೆ ಆಗ ಗೊತ್ತಾಯಿತು. ಎಂಟು ತಿಂಗಳು ಅವರು ನಮಗೆ ಹೇಳಿದ್ದೆಲ್ಲ ಆ ಮೇಜಿನ ಮೇಲೆ ಬೇರೆಯವರು ಆಡಿದ ಮಾತು. ಏಳು ವರ್ಷ ಕೇಳಿಸಿಕೊಂಡು ಒಳಗಿಟ್ಟುಕೊಂಡದ್ದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಸಿಕ್ಕಿದ್ದು ನಮ್ಮ ಮನೆಯೊಂದೇ. ನಾವು ಅದನ್ನು ಕಾಟ ಅಂದುಕೊಂಡಿದ್ದೆವು. ನಾನಂತೂ ಅವರ ಮಾತಿಗೆ ಒಂದು ದಿನವೂ ನಕ್ಕವಳಲ್ಲ. ನಗುತ್ತಿದ್ದೆ ಅಂತ ಹೇಳಿಕೊಂಡು ಕೆಲಸ ಗಿಟ್ಟಿಸಲು ಹೋದವಳು! ನನಗೆ ಅವರ ಮುಖ ನೋಡಲಾಗಲಿಲ್ಲ.

ಹೋಗಿ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತೆ. ಕೊನೆಗೆ ಕೇಳಿದೆ.

"ಭಾವ, ನಾನೀಗ ಏನು ಮಾಡಲಿ? ನೀವೇನಂತೀರಿ?"

ಎಲ್ಲದಕ್ಕೂ ನಾಲಿಗೆಯ ತುದಿಯಲ್ಲೇ ಉತ್ತರ ಇಟ್ಟುಕೊಂಡಿದ್ದ ಮನುಷ್ಯ ಬಾಯಿ ತೆರೆದು ಹಾಗೇ ಸುಮ್ಮನಾದರು. ಕನ್ನಡಕ ತೆಗೆದು ಅಂಗಿಯ ತೋಳಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಕಣ್ಣು ಕೆಂಪಗಾಗಿತ್ತು.

"ನಂಗೆ ಗೊತ್ತಿಲ್ಲ ಕಣಮ್ಮ" ಅಂದರು. "ಸ್ವಲ್ಪ ಯೋಚನೆ ಮಾಡಿ ಹೇಳ್ತೀನಿ. ಕೂತಿರು."

ನಾನು ಕೂತಿದ್ದೆ.